ರಿಪೋರ್ಟಿನಲ್ಲಿ 'ಆಟಿಸಂ' ಅಂತ ಬರೆಸಬೇಕಾ, ಬೇಡವಾ? – ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಳೆದ ವಾರ ಒಬ್ಬರು ಮಗುವಿನ ರಿಪೋರ್ಟಿನಿಂದ 'ಆಟಿಸಂ' ಅನ್ನುವ ಮಾತನ್ನೇ ತೆಗೆಸಿದರು. ಅದು ಸರಿಯೋ ತಪ್ಪೋ ಅಂತ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಅದಕ್ಕೇ ಇವತ್ತು ಡಾಕ್ಟರ್ ಮೇಡಂ ಅವರನ್ನೇ ಕೇಳೋಣ. ಇವರು ಮಕ್ಕಳ ಬೆಳವಣಿಗೆಯ ತಜ್ಞೆ. ಸಂಜೆಯಿಂದ ಬಿಡುವಾದಾಗ ಉತ್ತರಿಸುತ್ತಾರೆ. ಮಕ್ಕಳ ಹೆಸರು, ಫೋಟೊ ಹಾಕಬೇಡಿ, ಊರು ಮತ್ತು ವಯಸ್ಸು ಸಾಕು. ಆಸ್ಪತ್ರೆ, ಶಾಲೆ, ಡಾಕ್ಟರುಗಳ ಹೆಸರೂ ಬೇಡ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಹಾಕಬೇಡಿ.

ತುಮಕೂರು, ತಾಯಿ: ಮೇಡಂ ನಮಸ್ತೆ. ಮಗನಿಗೆ ಮೂರೂವರೆ ವರ್ಷ. ಹೆಸರು ಕರೆದರೆ ತಿರುಗುವುದಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಅದರ ಮೇಲೆ ಇಡುತ್ತಾನೆ. ಆಟದ ಕಾರನ್ನು ಮಗುಚಿ ಚಕ್ರ ತಿರುಗಿಸುತ್ತಾ ಕೂರುತ್ತಾನೆ. ರಿಪೋರ್ಟಿನಲ್ಲಿ 'ಮಾತು ತಡ, ಆಟಿಸಂ ಲಕ್ಷಣಗಳು ಕಾಣುತ್ತಿವೆ' ಅಂತ ಬರೆದಿದ್ದಾರೆ. ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ನಮ್ಮ ಅತ್ತೆ, "ಅವನ ಅಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದಿದ್ದು, ಸುಮ್ನೆ ಮಗುವಿಗೆ ಹಣೆಪಟ್ಟಿ ಕಟ್ಟಿಸಬೇಡ, ಶಾಲೆಯಲ್ಲಿ ಸೇರಿಸಿಕೊಳ್ಳಲ್ಲ" ಅಂತಾರೆ. ಏನು ಮಾಡಲಿ?

ಡಾಕ್ಟರ್: 'ಲಕ್ಷಣಗಳು ಕಾಣುತ್ತಿವೆ' ಅನ್ನುವ ಸಾಲನ್ನು ನಾನು ವಾರಕ್ಕೆ ಎಷ್ಟೋ ಸಲ ನೋಡುತ್ತೇನೆ. ಬರೆದವರ ಮನಸ್ಸು ಒಳ್ಳೆಯದೇ, ಅಪ್ಪ ಅಮ್ಮನಿಗೆ ಒಂದೇ ಸಲಕ್ಕೆ ಹೇಳುವುದು ಯಾರಿಗೂ ಸುಲಭ ಅಲ್ಲ. ಆದರೆ ಆ ಸಾಲಿನಿಂದ ಮಗುವಿಗೆ ಏನೂ ಸಿಗುವುದಿಲ್ಲ. ಮನೆಯವರು "ಲಕ್ಷಣ ಅಷ್ಟೇ ಅಲ್ವಾ" ಅಂತ ಕಾಯುತ್ತಾರೆ. ಶಾಲೆಯವರು ಹಠಮಾರಿ ಅಂತ ಬೇರೆಯದೇ ಹಣೆಪಟ್ಟಿ ಕಟ್ಟುತ್ತಾರೆ. ಅದಕ್ಕೆ ಯಾವ ಡಾಕ್ಟರೂ ಸಹಿ ಹಾಕಿರುವುದಿಲ್ಲ. ಹಣೆಪಟ್ಟಿ ಇಲ್ಲದ ಮಗು ಅಂತ ಇಲ್ಲ ಅಮ್ಮ. ಯಾರು ಕಟ್ಟುತ್ತಾರೆ, ಸರಿಯಾದ್ದನ್ನು ಕಟ್ಟುತ್ತಾರಾ ಅನ್ನುವುದಷ್ಟೇ ಪ್ರಶ್ನೆ.

ನೀವು ಬರೆದ ಮೂರೂ ವಿಷಯ, ಅದರಲ್ಲೂ ಕೈ ಹಿಡಿದು ಎಳೆದುಕೊಂಡು ಹೋಗುವುದು, ಬರೀ ಮಾತು ತಡವಾದ ಮಗುವಿನಲ್ಲಿ ಕಾಣುವಂಥದ್ದಲ್ಲ. ಮಾತು ಮಾತ್ರ ತಡವಾದ ಮಗು ಬೆರಳು ತೋರಿಸುತ್ತದೆ, ನಿಮ್ಮ ಮುಖ ನೋಡುತ್ತದೆ, ಸನ್ನೆ ಮಾಡುತ್ತದೆ. ಪೂರ್ತಿ ತಪಾಸಣೆ ಮಾಡಿಸಿ. ಮೊದಲು ಕಿವಿ ಪರೀಕ್ಷೆ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಅಂತ ಮಕ್ಕಳ ವಿಭಾಗ ಇರುತ್ತದೆ, ಅಲ್ಲಿ ಕೇಳಿ. ಇಲ್ಲವಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಮಾತು, ಆಟ ಕಲಿಸುವ ತೆರಪಿ ಮಾತ್ರ ರಿಪೋರ್ಟಿಗಾಗಿ ಕಾಯಬಾರದು, ನಾಳೆಯೇ ಶುರು ಮಾಡಬಹುದು.

ಶಾಲೆಯ ವಿಷಯ. 1995ರ ಹಳೆಯ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೆಸರಿಸಿತು, ಅದರಲ್ಲಿ ಇದೂ ಒಂದು. ಸರ್ಕಾರದ ಮಾನ್ಯತೆ ಇರುವ ಶಾಲೆ ಈ ಕಾರಣಕ್ಕೆ ಮಗುವನ್ನು ಹೊರಗಿಡುವಂತಿಲ್ಲ. ಆದರೂ ಹೊರಗಿಡುತ್ತಾರೆ, ಗೊತ್ತು. ಆಗ ಬಿಇಒಗೆ ದೂರು ಕೊಡಲು ನಿಮ್ಮ ಕೈಯಲ್ಲಿ ಏನಿರಬೇಕು? ಸ್ಪಷ್ಟವಾದ ರಿಪೋರ್ಟ್. 'ಲಕ್ಷಣಗಳು' ಹಿಡಿದುಕೊಂಡು ಹೋದರೆ ಯಾರೂ ಕೇಳುವುದಿಲ್ಲ.

ಚಿತ್ರದುರ್ಗ, ತಂದೆ: ಮೇಡಂ ಇದು ಪೂರ್ತಿ ಗುಣ ಆಗುತ್ತಾ?

ಡಾಕ್ಟರ್: ಇದು ಕಾಯಿಲೆ ಅಲ್ಲ, ಮೆದುಳು ಬೆಳೆದಿರುವ ರೀತಿಯೇ ಬೇರೆ. ಆದ್ದರಿಂದ ಗುಣ ಆಗುವ ಮಾತಿಲ್ಲ. ಮಗು ಕಲಿಯುತ್ತಾ ಬದಲಾಗುತ್ತದೆ, ಕೆಲವರು ತುಂಬಾ ಬದಲಾಗುತ್ತಾರೆ.

ಮಂಡ್ಯ, ತಾಯಿ: ನಮ್ಮ ರಿಪೋರ್ಟಲ್ಲಿ ಲೆವೆಲ್ 1 ಅಂತ ಇದೆ. ಅಂದರೆ ಮೈಲ್ಡ್ ಅಲ್ವಾ ಮೇಡಂ, ತಾನಾಗೇ ಸರಿಹೋಗುತ್ತೆ ಅಂತಾರೆ.

ಡಾಕ್ಟರ್: ಲೆವೆಲ್ ಹೇಳುವುದು ಆಸರೆ ಎಷ್ಟು ಬೇಕು ಅನ್ನುವುದನ್ನು. 1 ಅಂದರೂ ಬೇಕು ಅಂತಲೇ ಅರ್ಥ. ತಾನಾಗೇ ಸರಿಹೋಗುತ್ತೆ ಅಂತ ಹೇಳಿದವರು ಯಾರು?

ಮಂಡ್ಯ, ತಾಯಿ: ನಮ್ಮ ಮನೆಯವರ ಸ್ನೇಹಿತರು ಮೇಡಂ, ಮೆಡಿಕಲ್ ಶಾಪ್ ಇಟ್ಟಿದ್ದಾರೆ.

ಸಿಂಧನೂರು, ತಂದೆ: ಮೇಡಂ, ನನ್ನ ಮಗ 13 ವರ್ಷ. ಮಾತಿಲ್ಲ. ಆಟಿಸಂ, 90 ಪರ್ಸೆಂಟ್ ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಇದೆ. ತಿಂಗಳಿಂದ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ, ರಾತ್ರಿ ಮಲಗುವುದಿಲ್ಲ, ನಾವೂ ಮಲಗಿಲ್ಲ. ಎಲ್ಲಿ ತೋರಿಸಿದರೂ "ಆಟಿಸಂ ಮಕ್ಕಳಲ್ಲಿ ಇದು ಇರುವುದೇ, ವಯಸ್ಸಿಗೆ ಬರುತ್ತಿದ್ದಾನೆ" ಅಂತ ಹೇಳಿ ಗುಳಿಗೆ ಜಾಸ್ತಿ ಮಾಡಿದರು. ಈಗ ದಿನವೆಲ್ಲ ತೂಕಡಿಸುತ್ತಾನೆ, ಎಚ್ಚರವಾದಾಗ ಮತ್ತೆ ಹೊಡೆದುಕೊಳ್ಳುತ್ತಾನೆ. ಪರ್ಸೆಂಟ್ ಇನ್ನೂ ಜಾಸ್ತಿ ಮಾಡಿಸಬೇಕಾ ಅಂತ ಕೇಳುವುದಿತ್ತು.

ಡಾಕ್ಟರ್: ಪರ್ಸೆಂಟ್ ಆಮೇಲೆ ನೋಡೋಣ. ಮೊದಲು ಇದಕ್ಕೆ ಉತ್ತರಿಸಿ. ಎರಡೂ ಕೆನ್ನೆಗೆ ಹೊಡೆದುಕೊಳ್ಳುತ್ತಾನಾ, ಒಂದೇ ಕಡೆಯಾ? ಊಟದಲ್ಲಿ ಏನಾದರೂ ಬಿಟ್ಟಿದ್ದಾನಾ? ದಿನಾ ಕಕ್ಕಸಿಗೆ ಹೋಗುತ್ತಾನಾ? ಕಿವಿ ಸೋರುತ್ತಿದೆಯಾ, ಜ್ವರ ಇದೆಯಾ? ಇದ್ದಕ್ಕಿದ್ದಂತೆ ಎಲ್ಲೋ ನೋಡುತ್ತಾ ನಿಂತುಬಿಡುವುದು, ಕೈಕಾಲು ಎಳೆಯುವುದು ಉಂಟಾ? ಗುಳಿಗೆಯ ಹೆಸರೇನು, ಎಷ್ಟು ಮಿಲಿಗ್ರಾಂ?

ಹಾಸನ, ಸದಸ್ಯರು: ಮೇಡಂ, ಹುಟ್ಟಿದ ಮಗುವಿಗೆ ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬೇಗ ಬರುತ್ತೆ. ಈಗಿನವರು ಬಿಟ್ಟಿದ್ದಕ್ಕೇ ಇದೆಲ್ಲ. ಒಂಟೆ ಹಾಲು ಕೂಡ ಆಟಿಸಂಗೆ ಒಳ್ಳೆಯದಂತೆ. ಒಂದು ಆಡಿಯೊ ಬಂದಿದೆ, ಹಾಕಲಾ?

ಡಾಕ್ಟರ್: ಬೇಡ. ಬಜೆ ಜಾಸ್ತಿ ಹೋದರೆ ಮಗು ವಾಂತಿ ಮಾಡಿಕೊಳ್ಳುತ್ತದೆ. ಕಾಯಿಸದ ಒಂಟೆ ಹಾಲಿನಿಂದ ಬ್ರೂಸೆಲ್ಲೋಸಿಸ್ ಅನ್ನುವ ಜ್ವರ ಬರಬಹುದು. ಎರಡರಿಂದಲೂ ಆಟಿಸಂಗೆ ಏನೂ ಆಗುವುದಿಲ್ಲ.

ಗದಗ, ತಾಯಿ: ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಎಷ್ಟು ಪರ್ಸೆಂಟ್ ಇರಬೇಕು ಮೇಡಂ?

ಡಾಕ್ಟರ್: ಮೀಸಲಾತಿಗೆ, ಬಹುತೇಕ ಸವಲತ್ತುಗಳಿಗೆ 40. ಆಟಿಸಂಗೆ ಅಳೆಯುವುದು ಇಸಾ ಅನ್ನುವ ಭಾರತದ್ದೇ ಮಾಪನದಲ್ಲಿ. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 200. 70 ಅಂಕ ಬಂದರೆ 40 ಪರ್ಸೆಂಟ್. ಮಗು ಚಿಕ್ಕದಿದ್ದರೆ ಸಾಮಾನ್ಯವಾಗಿ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ, ಅವಧಿ ಮುಗಿಯುವ ಮೊದಲೇ ಮತ್ತೆ ಹೋಗಿ.

ನ್ಯೂಜೆರ್ಸಿಯಿಂದ ವಾಪಸ್, ತಾಯಿ: ಅಲ್ಲಿಯ ರಿಪೋರ್ಟಿನಲ್ಲಿ ಲೆವೆಲ್ 2 ಅಂತ ಇದೆ, ಇಲ್ಲಿ ನಡೆಯುತ್ತಾ?

ಡಾಕ್ಟರ್: ತೆರಪಿಗೆ, ಶಾಲೆಗೆ ನಡೆಯುತ್ತದೆ, ಒಳ್ಳೆಯ ರಿಪೋರ್ಟ್ ಇದ್ದರೆ ಜೋಪಾನ ಮಾಡಿ. ಕಾರ್ಡಿಗೆ ಇಲ್ಲಿಯ ಮೆಡಿಕಲ್ ಬೋರ್ಡೇ ನೋಡಬೇಕು.

ಸಿಂಧನೂರು, ತಂದೆ: ಮೇಡಂ, ಅವನ ತಾಯಿಯನ್ನು ಕೇಳಿ ಬರೆಯುತ್ತಿದ್ದೇನೆ. ಬಲಗೆನ್ನೆಗೆ ಮಾತ್ರ ಹೊಡೆದುಕೊಳ್ಳುತ್ತಾನೆ, ಅಂಗೈ ಬುಡದಿಂದ. ಮೊದಲು ಎರಡು ಖಡಕ್ ರೊಟ್ಟಿ ತಿನ್ನುತ್ತಿದ್ದ, ಈಗ ಮುಟ್ಟುವುದಿಲ್ಲ. ಮೊಸರನ್ನ ಒಂದೇ, ಅದೂ ತಲೆ ಎಡಕ್ಕೆ ವಾಲಿಸಿಕೊಂಡು ನುಂಗುತ್ತಾನೆ. ಫ್ರಿಜ್ ನೀರು ಕೊಟ್ಟರೆ ಲೋಟ ಎಸೆಯುತ್ತಾನೆ. ಕಕ್ಕಸು ಸರಿ ಇದೆ. ಎಳೆತ ಇಲ್ಲ. ಕಿವಿ ಸೋರಿಲ್ಲ. ಗುಳಿಗೆ ರಿಸ್ಪೆರಿಡೋನ್, ಮೊದಲು 1 ಇತ್ತು, ಈಗ 3 ಮಿಲಿಗ್ರಾಂ.

ಡಾಕ್ಟರ್: ಅವನ ತಾಯಿಗೆ ನನ್ನ ನಮಸ್ಕಾರ ಹೇಳಿ. ಇಷ್ಟು ಚೆನ್ನಾಗಿ ಗಮನಿಸಿದವರು ಇಲ್ಲಿವರೆಗೆ ಯಾರೂ ಇಲ್ಲ. ಹಲ್ಲು ನೋಡಿಸಿ. ಬಲಗಡೆ ಮಾತ್ರ ಹೊಡೆತ, ಗಟ್ಟಿ ಪದಾರ್ಥ ಬಿಟ್ಟಿರುವುದು, ಎಡಕ್ಕೆ ವಾಲಿಸಿ ನುಂಗುವುದು, ತಣ್ಣೀರಿಗೆ ಸಿಟ್ಟು. ಮಾತು ಬರುವ ಹುಡುಗ ಹೀಗಿದ್ದರೆ ನೀವೇ ಮೊದಲನೇ ದಿನ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಿರಿ. ಹುಳುಕು ಹಲ್ಲಿರಬಹುದು, ಬೇರಿನಲ್ಲಿ ಕೀವು ಆಗಿರಬಹುದು. ಸುಮಾರು 12 ವರ್ಷಕ್ಕೆ ಎರಡನೇ ದವಡೆ ಹಲ್ಲು ಹುಟ್ಟುತ್ತದೆ, ಅದೂ ಇರಬಹುದು. ನೋಡದೆ ನಾನು ಖಚಿತವಾಗಿ ಹೇಳಲಾರೆ. ಆದರೆ ಬಾಯೊಳಗೆ ಯಾರೂ ನೋಡದೆ ಗುಳಿಗೆ ಮೂರು ಪಟ್ಟು ಆಗಿರುವುದು ನನಗೆ ಸರಿ ಕಾಣುವುದಿಲ್ಲ.

ಹೇಗೆ ಹೋಗಬೇಕು ಅಂತ ಹೇಳುತ್ತೇನೆ. ರಾಯಚೂರಿನಲ್ಲಿ ಡೆಂಟಲ್ ಕಾಲೇಜ್ ಇದೆ. ಹೋಗುವ ಮೊದಲೇ ಫೋನ್ ಮಾಡಿ, "ಮಗನಿಗೆ ಆಟಿಸಂ ಇದೆ, ಮಾತಿಲ್ಲ, ಬಾಯಿ ತೆರೆಯುವುದಿಲ್ಲ, ಮಕ್ಕಳ ದಂತವೈದ್ಯರು ಬೇಕು, ಮಂಪರು ಅಥವಾ ಅರಿವಳಿಕೆ ಕೊಟ್ಟು ನೋಡಬೇಕಾಗಬಹುದು" ಅಂತ ಹೇಳಿ. ಹಣೆಪಟ್ಟಿ ಕೆಲಸಕ್ಕೆ ಬರುವುದು ಇಲ್ಲಿ ನೋಡಿ. ಬೆಳಗಿನ ಮೊದಲ ಸಮಯ ಕೇಳಿ, ಜನ ಕಡಿಮೆ ಇರುತ್ತಾರೆ. ಮನೆಯಲ್ಲಿ ಟಾರ್ಚ್ ಹಿಡಿದು ಎರಡು ಮೂರು ಸಲ ಆಟದ ಹಾಗೆ ಬಾಯಿ ತೆಗೆಸಿ ನೋಡಿ. ಅದುಮಿ ಹಿಡಿಯಬೇಡಿ. ಮುಖ ಊದಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ.

ಗುಳಿಗೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಬರೆದುಕೊಟ್ಟವರಿಗೆ ನಾಳೆ ಫೋನ್ ಮಾಡಿ, ದಿನವೆಲ್ಲ ತೂಕಡಿಸುತ್ತಾನೆ ಅಂತ ತಿಳಿಸಿ. ಕತ್ತು ತಿರುಚಿಕೊಳ್ಳುವುದು, ಮೈ ಬಿಗಿಯುವುದು, ಜೊಲ್ಲು ಜಾಸ್ತಿ ಸುರಿಯುವುದು ಕಂಡರೆ ಅದನ್ನೂ ಹೇಳಿ. ಆ ಗುಳಿಗೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಿಪರೀತ ಸಿಟ್ಟು, ಸಿಡುಕು ಇರುವ ಆಟಿಸಂ ಮಕ್ಕಳಿಗೆ ಅಮೆರಿಕದಲ್ಲಿ 2006ರಲ್ಲೇ ಒಪ್ಪಿಗೆ ಸಿಕ್ಕಿದ ಔಷಧಿ ಅದು, ನಾನೂ ಬರೆಯುತ್ತೇನೆ. ಆದರೆ ಅದು ಹಲ್ಲುನೋವಿಗೆ ಔಷಧಿ ಅಲ್ಲ.

ಹಲ್ಲು ಸರಿ ಇದ್ದರೆ ಅಲ್ಲಿಗೇ ಬಿಡಬೇಡಿ. ಕಿವಿಯ ಒಳಗೆ ನೋಡಿಸಿ, ಸೋರದಿದ್ದರೂ ಸೋಂಕು ಇರಬಹುದು. ಆಮೇಲೆ ಹೊಟ್ಟೆ ಹುಳಿ, ಎದೆ ಉರಿ. ಆಟಿಸಂ ಇರುವವರಲ್ಲಿ ಮೂರ್ಛೆ ರೋಗವೂ ಬೇರೆಯವರಿಗಿಂತ ಜಾಸ್ತಿ, ಹರೆಯದಲ್ಲಿ ಶುರುವಾಗುವುದುಂಟು. ಈ ವಯಸ್ಸಿನಲ್ಲಿ ಅದನ್ನೂ ತಲೆಯಲ್ಲಿಟ್ಟುಕೊಳ್ಳಬೇಕು.

ಇದನ್ನು ಎಲ್ಲರೂ ಓದಿ. ಹಣೆಪಟ್ಟಿ ಬೇಕು ಅಂತ ವಾದಿಸುವ ನನಗೆ ಅದರಲ್ಲಿ ಅತಿ ಹೆಚ್ಚು ಭಯ ಆಗುವುದು ಇದೇ ವಿಷಯಕ್ಕೆ. ಒಂದು ಸಲ ಆಟಿಸಂ ಅಂತ ಬರೆದ ಮೇಲೆ ಮಗುವಿನ ಅಳು, ನಿದ್ದೆಗೇಡು, ಹೊಡೆತ, ಊಟ ಬಿಡುವುದು ಎಲ್ಲಾ ಅದರ ಲೆಕ್ಕಕ್ಕೇ ಹೋಗುತ್ತದೆ. ನಿನ್ನೆವರೆಗೆ ಇಲ್ಲದ್ದು ಇವತ್ತು ಶುರುವಾದರೆ, ಅದು ಆಟಿಸಂ ಅಲ್ಲ ಅಂತಲೇ ಮೊದಲು ಹುಡುಕಬೇಕು. ಆಟಿಸಂ ಅವನಿಗೆ 13 ವರ್ಷದಿಂದ ಇದೆ, ಹೊಡೆತ ಒಂದು ತಿಂಗಳಿಂದ ಇದೆ.

ಸಿಂಧನೂರು, ತಂದೆ: ಆಯ್ತು ಮೇಡಂ. ನಾಳೆನೇ ಹೋಗುತ್ತೇವೆ.

ಚಿತ್ರದುರ್ಗ, ತಂದೆ: ಮೇಡಂ, ಮೂರು ವರ್ಷದೊಳಗೆ ತೆರಪಿ ಕೊಟ್ಟರೆ ಪೂರ್ತಿ ಗುಣ ಆಗುತ್ತೆ ಅಂತ ಒಬ್ಬರು ಗ್ಯಾರಂಟಿ ಕೊಡುತ್ತಿದ್ದಾರೆ?

ಡಾಕ್ಟರ್: ಗ್ಯಾರಂಟಿ ಕೊಡುವವರ ಹತ್ತಿರ ಹೋಗಬೇಡಿ.

ಮೈಸೂರು, 36: ಹೆಸರು ಹೇಳದೆ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಕಳೆದ ವರ್ಷ ಆಟಿಸಂ ಅಂತ ಹೇಳಿದರು. ಅವತ್ತು ಆ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತಾ, ಇದು ನಾನೇ ಅಲ್ವಾ ಅನಿಸಿತು. ಬ್ಯಾಂಕಿನಲ್ಲಿ ಕೆಲಸ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ನೋಟು ಎಣಿಸುವ ಮಿಷನ್ ಸದ್ದಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಯಾರಿಗಾದರೂ ಫೋನ್ ಮಾಡಬೇಕಾದರೆ ಏನು ಹೇಳಬೇಕು ಅಂತ ಹಿಂದಿನ ರಾತ್ರಿ ಬರೆದುಕೊಳ್ಳುತ್ತೇನೆ. ಮದುವೆ ಮನೆಗೆ ಹೋದರೆ ಉಗ್ರಾಣದಲ್ಲಿ ಹೂವು ಕಟ್ಟುತ್ತಾ ಕೂತುಬಿಡುತ್ತೇನೆ, ಎಲ್ಲರೂ ಕೆಲಸಗಾತಿ ಅಂತಾರೆ. ಹೊರಗೆ ಜನರ ಮಧ್ಯೆ ಹತ್ತು ನಿಮಿಷ ಇರಲು ಆಗುವುದಿಲ್ಲ. ಎರಡು ಸಲ ಡಿಪ್ರೆಶನ್ ಮಾತ್ರೆ ತಗೊಂಡಿದ್ದೇನೆ. ಈ ವಯಸ್ಸಿನಲ್ಲಿ ತಪಾಸಣೆ ಮಾಡಿಸಿಕೊಂಡು ಏನು ಬರುತ್ತದೆ ಅಂತ ಮನೆಯವರು ಕೇಳುತ್ತಾರೆ. ನನಗೂ ಗೊತ್ತಿಲ್ಲ, ಗೊತ್ತಾಗಬೇಕು ಅನಿಸುತ್ತದೆ ಅಷ್ಟೇ.

ಡಾಕ್ಟರ್: ನಿಮ್ಮಂಥವರು ಬಹಳ ಜನ ಇದ್ದಾರೆ. ಮಗುವನ್ನು ಕರೆದುಕೊಂಡು ಬಂದ ಅಪ್ಪನೋ ಅಮ್ಮನೋ ಅರ್ಧ ಪ್ರಶ್ನೆಗೆ ಬರುವಷ್ಟರಲ್ಲಿ ಸುಮ್ಮನಾಗಿಬಿಡುತ್ತಾರೆ. ಹೆಣ್ಣುಮಕ್ಕಳಲ್ಲಿ ಆಟಿಸಂ ಪತ್ತೆಯಾಗುವುದು ಹುಡುಗರಿಗಿಂತ ತುಂಬಾ ಕಡಿಮೆ. ಅದರಲ್ಲಿ ಒಂದು ಪಾಲು ನಾವು ಗುರುತಿಸದೇ ಬಿಟ್ಟಿದ್ದು. ಸುಮ್ಮನೆ ಮೂಲೆಯಲ್ಲಿ ಕೂತು ಹೂವು ಕಟ್ಟುವ ಹುಡುಗಿಯನ್ನು ನಮ್ಮಲ್ಲಿ ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ, ಹೊಗಳುತ್ತಾರೆ.

ಏನು ಬರುತ್ತದೆ ಅಂದರೆ, ಮೊದಲನೆಯದಾಗಿ ಡಿಪ್ರೆಶನ್ನಿಗೆ ಚಿಕಿತ್ಸೆ ಕೊಡುವವರು ಬೇರೆ ರೀತಿ ಯೋಚಿಸಬಹುದು. ದಣಿವಿಗೆ ಕಾರಣ ಜನ ಮತ್ತು ಸದ್ದು ಅಂತ ಗೊತ್ತಾದರೆ, "ನಾಲ್ಕು ಜನರ ಜೊತೆ ಬೆರೆಯಿರಿ" ಅನ್ನುವ ಸಲಹೆ ಎಷ್ಟು ತಪ್ಪು ಅಂತ ಅರ್ಥವಾಗುತ್ತದೆ. ಎರಡನೆಯದು ಕೆಲಸ. ಕೌಂಟರಿನಿಂದ ಒಳಗಿನ ಟೇಬಲ್ಲಿಗೆ ಬದಲಾಯಿಸಿ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಲು ಬಿಡಿ ಅಂತ ಕೇಳಲು ಒಂದು ಆಧಾರ ಸಿಗುತ್ತದೆ. 2016ರ ಕಾಯ್ದೆಯಲ್ಲಿ ಇಂಥ ಅನುಕೂಲ ಕೇಳುವ ಹಕ್ಕಿದೆ. ಮೂರನೆಯದು ನೀವೇ ಬರೆದಿದ್ದೀರಿ, ಗೊತ್ತಾಗಬೇಕು ಅಂತ. ಅದು ಸಣ್ಣ ಕಾರಣ ಅಲ್ಲ.

ಬರದೇ ಇರುವುದನ್ನೂ ಹೇಳುತ್ತೇನೆ. ಇಸಾ ಮಾಪನದಲ್ಲಿ ನಿಮ್ಮಂತೆ ಚೆನ್ನಾಗಿ ಮಾತಾಡುವ, ಎಲ್ಲ ಮುಚ್ಚಿಟ್ಟುಕೊಂಡು ಬದುಕಲು ಕಲಿತವರಿಗೆ 70 ದಾಟುವುದು ಕಷ್ಟ. ಕಾರ್ಡು ಸಿಗದೇ ಇರಬಹುದು. ಸಿಗಲಿಲ್ಲ ಅಂದಮಾತ್ರಕ್ಕೆ ನಿಮಗೆ ಆಟಿಸಂ ಇಲ್ಲ ಅಂತಲ್ಲ. ವಯಸ್ಕರನ್ನು ನೋಡಿ ಅಭ್ಯಾಸ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರ ಹತ್ತಿರ ಹೋಗಿ. ಹೋಗುವಾಗ ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ, ಬಾಲ್ಯದ ವಿವರ ಬೇಕಾಗುತ್ತದೆ.

ಹುಬ್ಬಳ್ಳಿ, ತಾಯಿ: ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಹೇಳಲೇಬೇಕು. ನನ್ನ ಮಗನಿಗೆ 24. ಸ್ನಾನ ನಾನೇ ಮಾಡಿಸಬೇಕು. ಬಾಗಿಲಿಗೆ ಒಳಗಿನಿಂದ ಬೀಗ, ಇಲ್ಲದಿದ್ದರೆ ರೋಡಿಗೆ ಓಡುತ್ತಾನೆ. ನನಗೆ ಮೊಣಕಾಲು ನೋವು, ಹಿಂದೆ ಓಡಲು ಆಗುವುದಿಲ್ಲ. ಬ್ಯಾಂಕಿನಲ್ಲಿ ಸಂಬಳ ತಗೊಳ್ಳುವವರಿಗೂ ಆಟಿಸಂ, ನನ್ನ ಮಗನಿಗೂ ಆಟಿಸಂ ಅಂದರೆ ಆ ಪದಕ್ಕೆ ಏನು ಬೆಲೆ ಉಳಿಯಿತು? ನಾನು ಯಾರಿಗಾದರೂ ಮಗನಿಗೆ ಆಟಿಸಂ ಅಂದರೆ, "ಓ, ಹಾಗಾದರೆ ಲೆಕ್ಕದಲ್ಲಿ ಜಾಣನಾ" ಅಂತ ಕೇಳುತ್ತಾರೆ.

ಬೆಂಗಳೂರು, 29: ಅಕ್ಕ, ನಾನು ಆಟಿಸ್ಟಿಕ್. ಸಾಫ್ಟ್‌ವೇರ್ ಕೆಲಸ. ನಿಮ್ಮ ಕಷ್ಟ ಇಲ್ಲ ಅನ್ನುತ್ತಿಲ್ಲ. ಆದರೆ ನಮಗೆ ಏನೂ ಕಷ್ಟ ಇಲ್ಲ ಅಂತ ನೀವು ಹೇಗೆ ಹೇಳುತ್ತೀರಿ? 27ನೇ ವಯಸ್ಸಿನವರೆಗೆ ನನಗೆ ಇದ್ದ ಹೆಸರು ಕೊಬ್ಬು, ಅಹಂಕಾರ, ಯಾರ ಮುಖ ನೋಡಿಯೂ ಮಾತಾಡದವನು ಅಂತ. ಕಾಲೇಜಿನಲ್ಲಿ ಸಾಯಲು ಹೋಗಿದ್ದೆ. ಡಯಾಗ್ನೋಸಿಸ್ ಆದ ಮೇಲೆ ಅಮ್ಮ ಮೊದಲ ಸಲ ನನ್ನನ್ನು ಬೈಯುವುದು ನಿಲ್ಲಿಸಿದರು.

ಹುಬ್ಬಳ್ಳಿ, ತಾಯಿ: ತಮ್ಮಾ, ನೀನು ಬರೆದು ಹೇಳುತ್ತಿದ್ದೀಯ. ನನ್ನ ಮಗ ಹೊಟ್ಟೆನೋವು ಅಂತ ಹೇಳಲಾರ. ಟಿವಿಯಲ್ಲಿ, ಸಭೆಗಳಲ್ಲಿ ಆಟಿಸಂ ಬಗ್ಗೆ ಮಾತಾಡುವವರು ನೀವೇ. ಅವನ ಪರವಾಗಿ ಯಾರು ಮಾತಾಡುತ್ತಾರೆ?

ಮಂಗಳೂರು, ಸದಸ್ಯರು: ಈಗ ಎಲ್ಲರಿಗೂ ಆಟಿಸಂ. ನಾಚಿಕೆ ಸ್ವಭಾವಕ್ಕೂ ಒಂದು ರೋಗದ ಹೆಸರು. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?

ಬೆಂಗಳೂರು, 29: ನಿಮ್ಮ ಕಾಲದಲ್ಲಿ ಪ್ರತಿ ಊರಲ್ಲೂ ಒಬ್ಬನಿಗೆ 'ಪೆದ್ದ', ಇನ್ನೊಬ್ಬನಿಗೆ 'ಅರೆಮರುಳು' ಅಂತ ಹೆಸರಿತ್ತು ಸರ್. ಅವರೆಲ್ಲ ಯಾರು ಅಂತ ಯೋಚಿಸಿ.

ಮಂಗಳೂರು, ಸದಸ್ಯರು: ಸುಮ್ಮನೆ ದೊಡ್ಡವರ ಜೊತೆ ವಾದ ಮಾಡಬೇಡಿ.

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ. ಒಬ್ಬರಿಗೊಬ್ಬರು ಏಟು ಕೊಡುವುದು ಬೇಡ.

ಮೈಸೂರು, 36: ನಾನು ಕೇಳಿದ್ದೇ ತಪ್ಪಾಯಿತು ಅನಿಸುತ್ತಿದೆ. ಹುಬ್ಬಳ್ಳಿ ಅಕ್ಕ, ನನ್ನ ಮಗನಿಗೂ ಮಾತಿಲ್ಲ. ಮನೆಗೆ ಹೋದ ಮೇಲೆ ನಾನೂ ನಿಮ್ಮ ಹಾಗೇ ಬೀಗ ಹಾಕುತ್ತೇನೆ.

ಡಾಕ್ಟರ್: ತಪ್ಪಾಗಿಲ್ಲ, ನೀವು ಕೇಳಿದ್ದು ಒಳ್ಳೆಯದಾಯಿತು. ಹುಬ್ಬಳ್ಳಿಯವರು ಹೇಳುವುದರಲ್ಲೂ ನ್ಯಾಯ ಇದೆ, ಅದನ್ನು ತಳ್ಳಿಹಾಕುವವರು ಇವರ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕು.

ಇದು ಇಲ್ಲಿಯ ಜಗಳ ಮಾತ್ರ ಅಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕ್ಯಾನರ್ ಅನ್ನುವ ಮನೋವೈದ್ಯರು 11 ಆಟಿಸಂ ಮಕ್ಕಳ ಬಗ್ಗೆ ಬರೆದರು. ಮರುವರ್ಷ ವಿಯೆನ್ನಾದಲ್ಲಿ ಆಸ್ಪರ್ಜರ್ ಅನ್ನುವ ಮಕ್ಕಳ ವೈದ್ಯರು ಬರೆದರು, ಅವರು ಹೇಳಿದ್ದು ಹೆಚ್ಚಾಗಿ ಮಾತಾಡಬಲ್ಲ ಹುಡುಗರ ಬಗ್ಗೆ. ಬಹಳ ವರ್ಷ ಎರಡೂ ಬೇರೆ ಬೇರೆ ಹೆಸರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ ಎಲ್ಲವನ್ನೂ ಒಂದೇ ಹೆಸರಿಗೆ ಸೇರಿಸಿತು. ಕಾರಣ ಇತ್ತು. ಒಂದೇ ಮಗುವಿಗೆ ಒಂದು ಕ್ಲಿನಿಕ್ಕಿನಲ್ಲಿ ಆಸ್ಪರ್ಜರ್, ಇನ್ನೊಂದರಲ್ಲಿ ಆಟಿಸಂ ಅಂತ ಬರೆಯುತ್ತಿದ್ದರು, ಗೆರೆ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. ಆದರೆ ಸೇರಿಸಿದ ಮೇಲೆ ಒಂದೇ ಪದ ತುಂಬಾ ಹಿಗ್ಗಿತು. 2021ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 'ಪ್ರೊಫೌಂಡ್ ಆಟಿಸಂ' ಅನ್ನುವ ಹೆಸರು ಸೂಚಿಸಿತು. ಎಂಟು ವರ್ಷ ದಾಟಿ, ಮಾತು ತೀರಾ ಕಡಿಮೆ ಇದ್ದು ಅಥವಾ ಬುದ್ಧಿ ಬೆಳವಣಿಗೆ ತುಂಬಾ ಕುಂಠಿತವಾಗಿದ್ದು, ದಿನದ 24 ಗಂಟೆಯೂ ಒಬ್ಬರು ಹತ್ತಿರ ಇರಬೇಕಾದವರಿಗೆ. ಹುಬ್ಬಳ್ಳಿಯವರೇ, ನಿಮ್ಮ ಮಗನ ಹಾಗೆ. ಇದಕ್ಕೆ ವಿರೋಧವೂ ಬಂತು, ಹಾಗೆ ಬರೆದರೆ ಇವರಿಂದ ಏನೂ ಆಗದು ಅಂತ ಕೈಬಿಡುತ್ತಾರೆ ಅಂತ. ನನ್ನ ಮಟ್ಟಿಗೆ ಹೇಳುವುದಾದರೆ ನಾನು ಆ ಪದದ ಪರ. ಹಗಲಿರುಳು ನೋಡಿಕೊಳ್ಳಬೇಕಾದವರಿಗೆ ಹಣ, ಜಾಗ, ಜನ ಬೇಕು. ಅದನ್ನು ಕೇಳಲು ಹೆಸರು ಬೇಕು.

ಬೆಂಗಳೂರಿನವರೇ, ನಿಮಗೆ ಸಿಕ್ಕ ಹೆಸರನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಈಗಲೂ ಸಾಯುವ ಯೋಚನೆ ಬರುವುದಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹುಬ್ಬಳ್ಳಿ ಅಮ್ಮ, ಒಂದು ಪ್ರಶ್ನೆ. ಮಗನಿಗೆ ಲೀಗಲ್ ಗಾರ್ಡಿಯನ್ ಮಾಡಿಸಿದ್ದೀರಾ?

ಹುಬ್ಬಳ್ಳಿ, ತಾಯಿ: ನಾನೇ ತಾಯಿ ಅಲ್ವಾ ಮೇಡಂ, ಅದು ಯಾಕೆ?

ಡಾಕ್ಟರ್: 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಬ್ಯಾಂಕ್ ಖಾತೆ, ಆಸ್ತಿ, ಆಪರೇಶನ್ನಿಗೆ ಸಹಿ, ಎಲ್ಲಾ ಕಡೆ ತೊಡಕು ಬರುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ, ಗಾರ್ಡಿಯನ್ ಆಗಿ. ನಿಮ್ಮ ನಂತರ ಯಾರು ಅಂತಲೂ ಈಗಲೇ ಮಾತಾಡಿ ಇಡಿ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ. ಇದೆಲ್ಲ ಆ ಸರ್ಟಿಫಿಕೇಟಿನಿಂದಲೇ ಸಿಗುವುದು.

ದಾವಣಗೆರೆ, ತಂದೆ: ಮೇಡಂ, 12 ವರ್ಷದ ಮಗನಿಗೆ ಅವನ ಡಯಾಗ್ನೋಸಿಸ್ ಹೇಳಬೇಕಾ? ಓದಿನಲ್ಲಿ ಚೆನ್ನಾಗಿದ್ದಾನೆ.

ಡಾಕ್ಟರ್: ಹೇಳಿ. ಶಾಲೆಯಲ್ಲಿ ಬೇರೆ ಮಕ್ಕಳಿಂದ ಗೊತ್ತಾಗುವ ಮೊದಲು ನಿಮ್ಮಿಂದ ಗೊತ್ತಾಗಲಿ. ಕೂರಿಸಿಕೊಂಡು ಭಾಷಣ ಬೇಡ, ಅವನಿಗೆ ಈಗಾಗಲೇ ಗೊತ್ತಿರುವುದರಿಂದ ಶುರು ಮಾಡಿ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತೀಯಲ್ಲ, ರೈಲಿನ ನಂಬರ್ ಎಲ್ಲಾ ನೆನಪಿರುತ್ತದಲ್ಲ, ಇದಕ್ಕೆ ಒಂದು ಹೆಸರಿದೆ ಅಂತ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ, ಬರೆಯುವವರ ಸಹಾಯ ಬೇಕಾದರೆ ಸರ್ಟಿಫಿಕೇಟ್ ಕೇಳುತ್ತಾರೆ, ಆಗ ಅವನ ಕಣ್ಣ ಮುಂದೆಯೇ ಫಾರಂ ತುಂಬಬೇಕಾಗುತ್ತದೆ. ಅದಕ್ಕೂ ಮೊದಲೇ ಹೇಳಿರಿ.

ಹಾಸನ, ಸದಸ್ಯರು: ಮೊಬೈಲ್ ನೋಡಿ ಬರುವುದು 'ವರ್ಚುವಲ್ ಆಟಿಸಂ', ಮೊಬೈಲ್ ಬಿಡಿಸಿದರೆ 21 ದಿನದಲ್ಲಿ ಹೋಗುತ್ತೆ ಅಂತ ವೀಡಿಯೊದಲ್ಲಿ ಒಬ್ಬ ಡಾಕ್ಟರೇ ಹೇಳಿದ್ದಾರೆ. ಹಾಗಾದರೆ ಸರ್ಟಿಫಿಕೇಟ್ ಯಾಕೆ?

ಡಾಕ್ಟರ್: ಆ ಹೆಸರಿನ ಡಯಾಗ್ನೋಸಿಸ್ ಯಾವ ಕೈಪಿಡಿಯಲ್ಲೂ ಇಲ್ಲ. ಮೊಬೈಲ್ ಬಿಡಿಸಿ, ಒಳ್ಳೆಯದೇ, ಮಗು ನಿಮ್ಮ ಕಡೆ ತಿರುಗಲು ಜಾಗ ಸಿಗುತ್ತದೆ. ಆದರೆ ಈ ವೀಡಿಯೊ ನೋಡಿ ಆರು ತಿಂಗಳು, ವರ್ಷ ಕಾಯ್ದು ಬರುವ ಮಕ್ಕಳನ್ನು ನಾನು ನೋಡುತ್ತಿದ್ದೇನೆ. ಜೊತೆಗೆ ಅಮ್ಮಂದಿರು, ನನ್ನ ತಪ್ಪಿನಿಂದಲೇ ಹೀಗಾಯಿತು ಅಂತ ಅಳುತ್ತಾರೆ. ಇಂಥದ್ದನ್ನು ಕಳಿಸಬೇಡಿ ಅಂತ ಮೊದಲೇ ಹೇಳಿದೆ.

ಕೋಲಾರ, ಸದಸ್ಯರು: ಎಂಎಂಆರ್ ಚುಚ್ಚುಮದ್ದಿನಿಂದ ಬರುತ್ತೆ ಅಂತ...

ಡಾಕ್ಟರ್: ಇಲ್ಲ. ಹಾಗಂತ 1998ರಲ್ಲಿ ಬಂದ ಲೇಖನವನ್ನು 2010ರಲ್ಲಿ ಪತ್ರಿಕೆಯೇ ವಾಪಸ್ ಪಡೆಯಿತು. ಮುಖ್ಯ ಲೇಖಕರ ವೈದ್ಯ ನೋಂದಣಿ ಹೋಯಿತು. ಲಸಿಕೆ ಹಾಕಿಸಿ.

ಕೋಲಾರ, ಸದಸ್ಯರು: ಬಸುರಿಯಲ್ಲಿ ಪ್ಯಾರಾಸಿಟಮಾಲ್ ತಗೊಂಡರೆ?

ಡಾಕ್ಟರ್: ಸ್ವೀಡನ್ನಿನಲ್ಲಿ 24 ಲಕ್ಷಕ್ಕೂ ಹೆಚ್ಚು ಮಕ್ಕಳ ಅಧ್ಯಯನ 2024ರಲ್ಲಿ ಬಂತು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಸಂಬಂಧ ಕಾಣಲಿಲ್ಲ. ಸಾಕು.

ಬೆಳಗಾವಿ, ತಂದೆ: ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆ ಮಾಡಿಸಿದರೆ ಪರ್ಸೆಂಟ್ ಕಡಿಮೆ ಆಗುತ್ತೆ ಅಂತ ಹೇಳಿದ್ದಾರೆ. ಹೊಲ ಮಾರುವ ಯೋಚನೆ ಇದೆ. ಅಡ್ವಾನ್ಸ್ ಕೊಟ್ಟಿಲ್ಲ ಇನ್ನೂ.

ಡಾಕ್ಟರ್: ಕೊಡಬೇಡಿ. ಹೊಲ ಮಾರಬೇಡಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಆಟಿಸಂಗೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ. ಸಂಶೋಧನೆ ಅಂತ ನಡೆಸಿದರೆ ರೋಗಿಯಿಂದ ಅದಕ್ಕೆ ದುಡ್ಡು ತಗೊಳ್ಳುವಂತಿಲ್ಲ. ದುಡ್ಡು ಕೇಳಿದರು ಅಂದರೆ ಅಲ್ಲಿಂದ ಎದ್ದು ಬನ್ನಿ. ರಕ್ತದಿಂದ ವಿಷ ಲೋಹ ತೆಗೆಯುತ್ತೇವೆ ಅನ್ನುವ ಕೀಲೇಶನ್ ಕೂಡ ಇದೇ ಸಾಲಿಗೆ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಆಟಿಸಂ ಹುಡುಗ ಆ ಡ್ರಿಪ್ ಹಾಕಿಸಿಕೊಳ್ಳುವಾಗಲೇ ಸತ್ತ. ರಕ್ತದ ಕ್ಯಾಲ್ಸಿಯಂ ಇಳಿದು ಹೃದಯ ನಿಂತಿತು. ಹೊಲ ನಿಮ್ಮ ನಂತರ ಮಗನ ಊಟಕ್ಕೆ ಬೇಕು. ಇದನ್ನು ಕೋಪದಿಂದ ಬರೆಯುತ್ತಿದ್ದೇನೆ, ನಿಮ್ಮ ಮೇಲಿನ ಕೋಪ ಅಲ್ಲ.

ಹಾಸನ, ಸದಸ್ಯರು: ಡಾಕ್ಟರುಗಳಿಗೆ ನಾಟಿ ಔಷಧಿ ಕಂಡರೆ ಆಗುವುದಿಲ್ಲ, ಗೊತ್ತಿದ್ದದ್ದೇ.

ತುಮಕೂರು, ತಾಯಿ: ಅಣ್ಣಾ, ಸ್ವಲ್ಪ ಸುಮ್ಮನಿರಿ. ಮೇಡಂ, ರಿಪೋರ್ಟ್ ಸ್ಪಷ್ಟವಾಗಿ ಬರೆಸಿ ಅಂದಿರಿ. ಆಟಿಸಂ ಅಂತ ಒಂದು ಪದ ಬರೆದರೆ ಸಾಕಾ? ಇನ್ನೇನು ಇರಬೇಕು?

ಡಾಕ್ಟರ್: ಇದನ್ನು ಇನ್ನೂ ಜನ ಕೇಳಬೇಕಿತ್ತು. ಪದ ಒಂದೇ ಸಾಲದು. ಅದರ ಕೆಳಗೆ ನಿಮ್ಮ ಮಗು ಇರಬೇಕು. ಅವನು ಬೇಕಾದ್ದನ್ನು ಹೇಗೆ ಕೇಳುತ್ತಾನೆ, ಎಷ್ಟು ಅರ್ಥ ಮಾಡಿಕೊಳ್ಳುತ್ತಾನೆ, ಯಾವ ಸದ್ದು, ಬಟ್ಟೆ, ರುಚಿ ತಡೆಯಲಾರ, ಏನು ಮಾಡಿದರೆ ಸಮಾಧಾನ ಆಗುತ್ತಾನೆ, ಏನು ಇಷ್ಟ. ಕಿವಿ, ಕಣ್ಣು, ನಿದ್ದೆ, ಮೂರ್ಛೆ ನೋಡಿದ್ದೇವೆ ಅಂತಲೂ ಬರೆದಿರಬೇಕು. ನೋವಾದಾಗ ಹೇಗೆ ತೋರಿಸುತ್ತಾನೆ ಅಂತ ಒಂದು ಸಾಲು ಇರಲೇಬೇಕು, ಸಿಂಧನೂರಿನವರ ಪ್ರಶ್ನೆ ಓದಿದಿರಲ್ಲ. ಡಾಕ್ಟರಿಗೆ ಸಮಯ ಇಲ್ಲ ಅಂದರೆ ನೀವೇ ಒಂದು ಹಾಳೆ ಬರೆದು ರಿಪೋರ್ಟಿಗೆ ಪಿನ್ ಮಾಡಿ. ಟೀಚರಿಗೆ ರಿಪೋರ್ಟಿಗಿಂತ ಆ ಹಾಳೆಯೇ ಜಾಸ್ತಿ ಉಪಯೋಗ ಆಗುತ್ತದೆ.

ಮಂಡ್ಯ, ತಾಯಿ: ಮೇಡಂ ಲೆವೆಲ್ 1 ಇದ್ದರೆ ದೊಡ್ಡವನಾದ ಮೇಲೆ ಸರಿಹೋಗುತ್ತಾ?

ಡಾಕ್ಟರ್: ಮೇಲೆ ಉತ್ತರಿಸಿದ್ದೇನೆ, ನಿಮಗೇ.

ಉಡುಪಿ, ತಾಯಿ: ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದೇವೆ. ತಮ್ಮನ ಸರ್ಟಿಫಿಕೇಟ್ ವಿಷಯ ಮೊದಲೇ ಹೇಳಬೇಕಾ, ಮಾತುಕತೆ ಆದ ಮೇಲಾ? ಅವಳಿಗೆ ಹುಟ್ಟುವ ಮಕ್ಕಳಿಗೂ ಬರುತ್ತಾ ಮೇಡಂ?

ಮಂಗಳೂರು, ಸದಸ್ಯರು: ಮೊದಲೇ ಹೇಳಿದರೆ ಯಾರು ಬರುತ್ತಾರೆ? ಸರ್ಟಿಫಿಕೇಟ್ ಮಾಡಿಸಿದ್ದೇ ತಪ್ಪು ಅನ್ನುವುದು ಇದಕ್ಕೇ.

ಬೆಂಗಳೂರು, 29: ಮುಚ್ಚಿಟ್ಟು ಮದುವೆ ಮಾಡಿ, ಆಮೇಲೆ ಆ ತಮ್ಮನನ್ನು ಬಂದವರೆದುರು ಕೋಣೆಯಲ್ಲಿ ಕೂಡಿಹಾಕುತ್ತೀರಾ?

ಮಂಗಳೂರು, ಸದಸ್ಯರು: ನಿನಗೆ ಮಗಳಿದ್ದರೆ ಗೊತ್ತಾಗುತ್ತಿತ್ತು.

ಹುಬ್ಬಳ್ಳಿ, ತಾಯಿ: ನನಗೆ ಮಗಳಿದ್ದಾಳೆ. ಮೊದಲೇ ಹೇಳಿದೆವು. ಮೂರು ಕಡೆಯವರು ಬೇಡ ಅಂದರು, ನಾಲ್ಕನೆಯವರು ಒಪ್ಪಿದರು. ಅಳಿಯ ಬಂದಾಗ ಇವನಿಗೆ ಶೇವಿಂಗ್ ಮಾಡುವುದು ಅವನೇ.

ಅಡ್ಮಿನ್: ಮೇಡಂಗೆ ಕ್ಲಿನಿಕ್ಕಿನಿಂದ ಫೋನ್ ಬಂದು ಹೋಗಿದ್ದಾರೆ. ಉಡುಪಿಯವರ ಪ್ರಶ್ನೆ, ಇನ್ನೂ ನಾಲ್ಕೈದು ಹಾಗೇ ಉಳಿದಿವೆ, ಮುಂದಿನ ಸಲ ಕೇಳೋಣ. ಹಾಸನದವರ ಆಡಿಯೊ ಅಳಿಸಿದ್ದೇನೆ. ಕಮೆಂಟ್ ಇಲ್ಲಿಗೆ ನಿಲ್ಲಿಸುತ್ತಿದ್ದೇನೆ. ಸಿಂಧನೂರಿನವರು ಮಾತ್ರ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ, ದಂತವೈದ್ಯರು ಏನು ಹೇಳಿದರು ಅಂತ ಮೇಡಂ ಕೇಳಿ ಹೋಗಿದ್ದಾರೆ.